ಇಲ್ಲದ ಕನ್ನಡಿಯ ಸದ್ದು

ಗುರುವಾರ ಅವರ ಹೊಸ ಕ್ಯಾಮೆರಾ ಮಾರಾಟಕ್ಕೆ ಬಂತು.
ಶುಕ್ರವಾರ ಬೆಳಗಿಗೆ ನನ್ನ ಮೇಜಿನ ಮೇಲೆ
ಬಿಳಿ ಬಟ್ಟೆ ಹಾಸಿ, ತೆಗೆದ ಕ್ರಮದಲ್ಲೇ,
ಅದರ ನೂರಾ ಹನ್ನೊಂದು ತಿರುಪು.

ಸುವಾ ಸರೋವರದ ಈ ದಡದಲ್ಲಿ ನಮ್ಮ ಕಸುಬು ಇದು:
ಅವರದನ್ನು ನಾವು ಬಿಚ್ಚುತ್ತೇವೆ,
ನಮ್ಮದನ್ನು ಅವರು.
ಬೀಗರ ಅಡುಗೆಮನೆಗೆ ಇಣುಕಿದ ಹಾಗೆ,
ಉಪ್ಪೆಷ್ಟು, ಎಣ್ಣೆ ಯಾವುದು,
ಎಲ್ಲಿ ಕೈ ಬಿಗಿ ಹಿಡಿದಿದ್ದಾರೆ.

ಅವರ ಮೌಂಟಿನ ಬಾಯಿ ನಮ್ಮದಕ್ಕಿಂತ
ಮೂರು ಮಿಲಿಮೀಟರು ಅಗಲ.
ಸುದ್ದಿ ಬಂದಾಗ ನಿಶಿಗಾಕಿ ಸಾಹೇಬರು
ವಾರವಿಡೀ ಮನೆಗೆ ಹೋಗಲಿಲ್ಲ.
ಗೋಡೆಯಲ್ಲಿ ಅವರ ಲೆನ್ಸುಗಳ ಸಾಲು, ಕೆಳಗೆ ನಮ್ಮದು.
ನಮ್ಮ ಸಾಲಿನಲ್ಲಿ ಒಂಬತ್ತು ಬರೀ ಬೂದು ನೆರಳು,
'ಮುಂದಿನ ವರ್ಷ' ಎಂದು ಬರೆದು ಎರಡು ವರ್ಷ.
ಕನ್ನಡಿಯೊಳಗಿನ ಗಂಟು ಎನ್ನೋಣವೆಂದರೆ
ಕನ್ನಡಿಯನ್ನೇ ಕಿತ್ತು ಹಾಕಿಯಾಯಿತಲ್ಲ.

ಆ ಕನ್ನಡಿ ಇವಾಕುರಾ ಅವರದು.
ಬೆಂಕಿಪೊಟ್ಟಣದಷ್ಟಗಲದ ಗಾಜನ್ನು
ಮೂವತ್ತೊಂದು ವರ್ಷ
ನಲವತ್ತೈದು ಡಿಗ್ರಿಗೆ ಒರಗಿಸಿ ಕೂರಿಸಿದ ಕೈ.
ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ
ಯಂತ್ರಕ್ಕಿಂತ ಮೊದಲು ಅವರ ಕಿವಿಗೆ ಗೊತ್ತು:
ಟಪ್ ಎನ್ನಬೇಕಾದ್ದು
ಟಪಕ್ ಅಂದಿದೆ.
ಆ ವಿಭಾಗ ಮುಚ್ಚಿದ ಮೇಲೆ ಅವರು
ಕೆಳಮನೆಯಲ್ಲಿ, ಪೆಟ್ಟಿಗೆಗಳಿಗೆ ಕೈಪಿಡಿ ತುಂಬುತ್ತಾರೆ.

ಹೋದ ತಿಂಗಳು ಮಾತ್ರ ಮೇಲಿನಿಂದ ಕರೆ ಬಂತು.
ಹೊಸ ಕ್ಯಾಮೆರಾ ಸದ್ದೇ ಮಾಡುವುದಿಲ್ಲ.
ಸದ್ದಿಲ್ಲದಿದ್ದರೆ ಮದುಮಗಳಿಗೆ
ನಗು ಯಾವಾಗ ಇಳಿಸಬೇಕೋ ತಿಳಿಯುವುದಿಲ್ಲವಂತೆ.
ಅದಕ್ಕೇ ಒಳಗೊಂದು ಪುಟ್ಟ ಸ್ಪೀಕರು,
ಸ್ಪೀಕರಿನಲ್ಲಿ ಹಳೆಯ ಸದ್ದು.
ಹದಿನಾಲ್ಕು ಧ್ವನಿಮುದ್ರಣ ಇದೆ, ಆರಿಸಿ, ಎಂದರು.

ಕನ್ನಡಕ ತೆಗೆದಿಟ್ಟು ಕೇಳಿದರು.
ಆರನೆಯದಕ್ಕೆ ತಲೆಯೆತ್ತಿ,
'ಇದು ನಮ್ಮದಲ್ಲ, ಅವರದು.
ತೊಂಬತ್ತೆಂಟರದ್ದು.'
ಸ್ವಲ್ಪ ತಡೆದು, 'ಒಳ್ಳೆಯ ಸದ್ದು.'
ಯಾರೂ ಮಾತಾಡಲಿಲ್ಲ.
ಹುಡುಗನೊಬ್ಬ ಆ ಆರನೆಯದನ್ನು ಅಳಿಸಿದ.

ಇವತ್ತು, ಕೊನೆಯ ತಿರುಪಿನಡಿ,
ತೊಗರಿಬೇಳೆಯಷ್ಟು ಸ್ಪೀಕರು.
ಅವರ ಹೊಟ್ಟೆಯಲ್ಲೂ!
ಬಿಚ್ಚುವ ಮುಂಚೆ ಒಮ್ಮೆ ಗುಂಡಿ ಒತ್ತಿದ್ದೆ,
ಕಿವಿಯಲ್ಲಿ ಇನ್ನೂ ಇದೆ.
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಊಟದ ಬಿಡುವಿನಲ್ಲಿ ಕೆಳಮನೆಗೆ ಇಳಿದು,
ಕೈಪಿಡಿಗಳ ರಾಶಿಯ ನಡುವೆ ಕೂತ ಇವಾಕುರಾ ಎದುರು
ನಾಲಿಗೆಯಲ್ಲೇ ಆ ಸದ್ದು ಮಾಡಿ ತೋರಿಸಿದೆ.
ಕೈಯಲ್ಲಿದ್ದ ಕೈಪಿಡಿ ಕೆಳಗಿಟ್ಟು,
ಕಣ್ಣು ಮುಚ್ಚಿ,
'ಇನ್ನೊಮ್ಮೆ' ಎಂದರು.