ಎರವಲು

ಮೂವತ್ತೊಂದನೇ ತಾರೀಖು ರಾತ್ರಿ ಹನ್ನೆರಡಕ್ಕೆ
ಅಂಗಡಿ ಮುಚ್ಚುತ್ತದಂತೆ.
ಬೀದಿಯದಲ್ಲ, ಟೀವಿಯೊಳಗಿನದು.
ಪ್ರಣೀತ ಮೆಸೇಜನ್ನು ಎರಡು ಸಲ ಓದಿ ಹೇಳಿದ:
‘ಸಾವಿರದ ಇನ್ನೂರು ಕೊಟ್ಟು ತಗೊಂಡಿದ್ದು ಕಣಮ್ಮ.
ಆಡೋಕೆ ಬಿಟ್ಟಿದ್ರಂತೆ, ಅಷ್ಟೇ.
ಕೊಟ್ಟಿರಲಿಲ್ವಂತೆ.’

ಒಪ್ಪಿದ್ದೇನೆ ಅನ್ನುವ ಗುಂಡಿ ಒತ್ತಿದವನು ಅವನೇ.
ನಾವೂ ಒತ್ತುತ್ತೇವೆ. ಯಾರು ಓದುತ್ತಾರೆ.

ನಾನು ಬೀರು ತೆಗೆದೆ.
ಧಾರೆ ಸೀರೆಯ ಕೆಳಗೆ, ಎಲ್ಲೈಸಿ ಬಾಂಡಿನ ಪಕ್ಕ
ಹಳದಿ ಕ್ಯಾಸೆಟ್ಟು.
ಮೇಲೆ ಬರೆದಿರುವುದು ಐವತ್ತೆರಡು ಆಟ,
ಒಳಗಿರುವುದು ಏಳು;
ಮಿಕ್ಕವೆಲ್ಲ ಅವೇ ಏಳು, ಬೇರೆ ಬೇರೆ ಹೆಸರಲ್ಲಿ.
ಅಂಥ ಮೋಸ ನನಗೆ ಅರ್ಥವಾಗುತ್ತದೆ.

ಮಂಡ್ಯದ ಗುತ್ತಲು ರಸ್ತೆಯಲ್ಲಿ ನಯಾಜಣ್ಣ
ಗಂಟೆಗೆ ಐದು ರೂಪಾಯಿಗೆ ಆಡಿಸುತ್ತಿದ್ದ.
ಹುಡುಗಿ ಅಂತ ನನಗೆ ಮೂಲೆಯ ಟೀವಿ,
ಕಬ್ಬು ಅರೆಯುವ ತಿಂಗಳಲ್ಲಿ
ಕಾಕಂಬಿ ವಾಸನೆ ನುಗ್ಗುವ ಕಿಟಕಿ.
ಅಂಗಡಿ ಎತ್ತುವ ದಿನ ನಲವತ್ತು ರೂಪಾಯಿ ಎಣಿಸಿಕೊಂಡು
‘ಮಡಿಕ್ಕೊ ಕಣವ್ವ’ ಅಂದ.
ರಸೀತಿ ಅಷ್ಟೇ.

ಪಕ್ಕದ್ಮನೆ ಸಾಕಮ್ಮನ ಮೊಮ್ಮಗ ಎರವಲು ಒಯ್ದ,
ಎರಡು ವರ್ಷ.
ಕೇಳಿದರೆ ಭುಜ ಹಾರಿಸುತ್ತಿದ್ದ: ಮದ್ದೂರಲ್ಲಿದೆ,
ಸೋದರಮಾವನ ಮಗನ ಹತ್ತಿರ.
ವಾಪಸ್ಸು ಬಂದಾಗ ಒಂದು ಮೂಲೆಯಲ್ಲಿ ಹಲ್ಲಿನ ಗುರುತು,
ಯಾವುದೋ ಮಗುವಿನದು.
ಬೈಯ್ದೆ. ಆದರೆ ಬೈಯಲು
ಒಂದು ವಸ್ತುವಾದರೂ ಕೈಯಲ್ಲಿತ್ತು.

ಅಟ್ಟದಿಂದ ಯಂತ್ರ ಇಳಿಸಿದೆವು.
ಉಫ್ ಅಂತ ಊದಿದೆ, ಬಾಣಂತಿ ಸಾಂಬ್ರಾಣಿ ಊದುವ ಹಾಗೆ.
ಮೂರನೇ ಸಲಕ್ಕೆ ಹತ್ತಿತು.
ಏಳನೇ ಆಟ ಒಂದರಲ್ಲೇ ಆಡಿದ್ದು ಉಳಿಯುತ್ತಿತ್ತು:
ಹೈಸ್ಕೂಲಿನ ಮೂರು ಬೇಸಿಗೆ ಕಟ್ಟಿದ ಕೋಟೆ,
ನನ್ನ ಹೆಸರಿನ ಮೂರೇ ಮೂರು ಅಕ್ಷರ.
ಈಗ ಖಾಲಿ ಬಯಲು.
ಒಳಗಿನ ಬಿಲ್ಲೆ ಸೆಲ್ಲು ಯಾವತ್ತೋ ತಣ್ಣಗಾಗಿದೆ.

ಪ್ರಣೀತ ನಕ್ಕ. ‘ನಿಂದೂ ಹೋಯ್ತಲ್ಲಮ್ಮ!’

ಹೋಯಿತು.
ಆದರೆ ಯಾರೂ ತಾರೀಖು ಕೊಟ್ಟು ಬಂದು ಒಯ್ಯಲಿಲ್ಲ.
ನಮ್ಮ ಬೀರುವಿನಲ್ಲೇ, ಸೀರೆಯ ಕೆಳಗೇ
ವಯಸ್ಸಾಗಿ ಹೋಯಿತು.
ಎರಡಕ್ಕೂ ಏನು ವ್ಯತ್ಯಾಸ ಅಂದ.
ಸರಿಯಾಗಿ ಹೇಳಲು ಬರಲಿಲ್ಲ ನನಗೆ.
ಅಕ್ಕಿ ತೊಳೆಯಲು ಎದ್ದೆ.

ಸೋಮವಾರ ನೋಡಿದರೆ ಬೀರುವಿನಲ್ಲಿ ಕ್ಯಾಸೆಟ್ಟಿಲ್ಲ.
‘ರೆಹಾನ್‌ಗೆ ಕೊಟ್ಟೆ.
ಅವರಪ್ಪಂಗೆ ಸೆಲ್ಲು ಬೆಸೆಯೋಕೆ ಬರುತ್ತಂತೆ.’
‘ವಾಪಸ್ಸು ಯಾವಾಗ?’
ಭುಜ ಹಾರಿಸಿದ, ಥೇಟು
ಸಾಕಮ್ಮನ ಮೊಮ್ಮಗನ ಹಾಗೆ.