ತೊಂಬತ್ತೊಂಬತ್ತಕ್ಕೆ

ಮೋಕಾ ರೋಡಿನ ಹೊಸ ಮಾರ್ಟಿಗೆ ನಾನು ಹೋದದ್ದು ಎಣ್ಣೆಗೆ.
ಡಬ್ಬಕ್ಕೆ ಎಂಬತ್ತು ರೂಪಾಯಿ ಕಮ್ಮಿ ಅಂತ
ಒಗ್ಗಣ್ಣಿ ಬಂಡಿಯವರೆಲ್ಲ ಅಲ್ಲೇ ತರುತ್ತಿದ್ದರು,
ನಾನೊಬ್ಬಳು ಬಿಟ್ಟು ಏನು ಸಾಧಿಸಬೇಕಿತ್ತು?

ಎಣ್ಣೆಯ ಸಾಲು ದಾಟಿದರೆ ಪ್ಲಾಸ್ಟಿಕ್ ಬುಟ್ಟಿ,
ಬುಟ್ಟಿ ದಾಟಿದರೆ ಕೊಕ್ಕೆಗೆ ತೂಗುಬಿದ್ದ ಚಾಕುಗಳು,
ರಟ್ಟಿಗೆ ಬಿಗಿದು, ಮೇಲೊಂದು ಗಾಜಿನಂಥ ಹಾಳೆ ಹೊದಿಸಿ.
ಹಿಡಿಯ ಬುಡದಲ್ಲಿ ಮೂರು ಚುಕ್ಕಿ, ಒಂದು ಗೀಟು.

ಮೂರು ಚುಕ್ಕಿ, ಒಂದು ಗೀಟು!
ಹನ್ನೊಂದು ವರ್ಷದಿಂದ ನನ್ನ ಹೆಬ್ಬೆರಳು ಕೂತಿರುವ ಜಾಗ ಅದು.
ಕೌಲ್ ಬಜಾರಿನ ಮಾನಪ್ಪ ಹೊಡೆಯುವ ಮುದ್ರೆ.
ಅಂಗೈ ಬಿಚ್ಚಿಸಿ ಅಳತೆ ನೋಡಿ
"ಎಡಚಿ ನೀನು, ಅಲಗಿನ ಇಳಿಜಾರು ತಿರುಗಿಸಬೇಕು" ಅಂದು
ಮೂರು ದಿನ ಅಲೆದಾಡಿಸಿ
ಇನ್ನೂರಿಪ್ಪತ್ತು ಎಣಿಸಿಕೊಂಡಿದ್ದ, ಒಂದು ರೂಪಾಯಿ ಬಿಡದೆ.
ಇಲ್ಲಿ ತೊಂಬತ್ತೊಂಬತ್ತು.
ಎರಡು ಕೊಂಡರೆ ನಿಂಬೆಹಣ್ಣು ಹಿಂಡುವುದೊಂದು ಪುಕ್ಕಟೆ.

ಬಂಡಿ ಹಚ್ಚುವ ಮುಂಚೆ
ಹಳೆಯದನ್ನೂ ಹೊಸದನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ.
ಹಾಳೆ ಬಿಚ್ಚಲು ಬರಲೇ ಇಲ್ಲ;
ಹಳೇ ಚಾಕುವಿಂದಲೇ ಹೊಸ ಚಾಕು ಸೀಳಿ ತೆಗೆದೆ, ಅವನೆದುರಿಗೇ.

"ಇದು ನಿಂದೇನೋ?"
"ಕೈ ನಂದು, ಕಬ್ಬಿಣ ಅವರದು" ಅಂದ.
"ನಿನ್ನದು ಅದಿರು ಲಾರಿ ಕಮಾನ್ ಪಟ್ಟಿ,
ಸಂಡೂರಿನ ಗುಡ್ಡ ಹೊತ್ತು ಇಳಿದದ್ದು.
ಇದು ತಗಡು. ತಿಂಗಳಿಗೆ ಆರುನೂರು ಕೊಯ್ದು, ಉಜ್ಜಿ, ಕಳಿಸೋದು.
ಕಾಸೋದಿಲ್ಲ, ಬಡಿಯೋದಿಲ್ಲ."
"ಮತ್ತೆ ಮುದ್ರೆ?"
"ಅದನ್ನ ಅವರೇ ಕೇಳಿದ್ದು. ಚುಕ್ಕಿಗೆ ಒಂದ್ರುಪಾಯಿ ಜಾಸ್ತಿ ಕೊಡ್ತಾರೆ."
"ಗೀಟಿಗೆ?"
"ಗೀಟು ಪುಕ್ಕಟೆ."

ನಾನು ಬಾಯಿ ಮಾಡಿದೆ.
ಬಂಡಿಯ ಮುಂದೆ ಕೂಗಿ ಕೂಗಿ ಪಳಗಿದ ಬಾಯಿ, ಬಜಾರಿಗೇ ಕೇಳಿರಬೇಕು:
ನಾಳೆ ಈ ಅಲಗು ಟೊಮೇಟೊ ಜಜ್ಜಿದರೆ
ಹೆಂಗಸರು ಬೈಯುವುದು ಮಾರ್ಟಿಗಲ್ಲ, ನಿನಗೆ,
ನಿಮ್ಮಪ್ಪನಿಗೆ, ಆ ಮೂರು ಚುಕ್ಕಿಗೆ.

ಅವನು ಸಿಟ್ಟಾಗಲಿಲ್ಲ. ನನ್ನ ಹಳೇ ಚಾಕು ತಿರುಗಿಸಿ ಮುರುಗಿಸಿ ನೋಡುತ್ತ ಕೇಳಿದ:
"ಹನ್ನೊಂದು ವರ್ಷದಾಗ ಎಷ್ಟು ಸಲ ನನ್ನಂಗಡಿಗೆ ಬಂದೀ, ಹುಲಿಗೆಮ್ಮಕ್ಕ?"
ನೆನಪು ಮಾಡಿಕೊಂಡೆ. ಸಾಣೆಗೆ ನಾಲ್ಕು ಸಲ. ಹತ್ತತ್ತು ರೂಪಾಯಿ.
"ನಾನು ಚಲೋ ಮಾಡಿದಷ್ಟೂ ನೀವು ತಿರುಗಿ ಬರಂಗಿಲ್ಲ.
ನಿನ್ನ ಮಿರ್ಚಿ ಹಂಗಲ್ಲ. ತಿಂದೋರಿಗೆ ನಾಳೆ ಮತ್ತೆ ಹಸಿವಾಗ್ತದೆ."

ಏನು ಹೇಳಲಿ.
ಮೂಲೆಯಲ್ಲಿ ಇಬ್ಬರು ಹುಡುಗರು ಗ್ರೈಂಡರ್ ಆರಿಸಿ ಬುತ್ತಿ ಬಿಚ್ಚಿದ್ದರು.
ಕುಲುಮೆಯ ಬೂದಿಯಲ್ಲಿ ಬೆಕ್ಕು ಮಲಗಿತ್ತು,
ತಿದಿಯ ಮೇಲೆ ಗೋಣಿಚೀಲ.

ಎರಡಕ್ಕೂ ಸಾಣೆ ಹಿಡಿದ.
ಕೈಯಿಂದ ಕೈಗೆ ಚಾಕು ಕೊಡಬಾರದು, ಜಗಳ ಬರುತ್ತದೆ ಅಂತ
ಅಡಿಗಲ್ಲಿನ ಮೇಲೆ ಇಟ್ಟ, ನಾನು ಎತ್ತಿಕೊಂಡೆ.
ಆಗಲೇ ಆಡಿದ್ದ ಜಗಳಕ್ಕೆ ಆ ಶಾಸ್ತ್ರ ತಡವಾಗಿತ್ತು.
ಹಳೆಯದಕ್ಕೆ ಹತ್ತು ತಗೊಂಡ.
"ಅದಕ್ಕೆ ಬೇಡ" ಅಂದ, ಹೊಸದರ ಕಡೆ ನೋಡದೆ.

ಸಂಜೆ ಹಟಕ್ಕೆ ಬಿದ್ದು ಹೊಸದರಲ್ಲೇ ಮೆಣಸಿನಕಾಯಿ ಸೀಳಿದೆ.
ಕೊಯ್ಯಿತು, ಸುಳ್ಳೇಕೆ ಹೇಳಲಿ.
ನನ್ನ ಎಡಗೈಯಲ್ಲಿ ಸೀಳು ಮಾತ್ರ ಒಂದು ಕಡೆಗೆ ವಾಲುತ್ತಿತ್ತು,
ತೊಟ್ಟಿನಿಂದ ಹೊರಟದ್ದು ತುದಿ ಮುಟ್ಟುವ ಮೊದಲೇ ಪಕ್ಕಕ್ಕೆ ಸರಿದು.

ಹಿಟ್ಟಲ್ಲಿ ಅದ್ದಿದೆ, ಮುಚ್ಚಿಹೋಯಿತು.
ರಾತ್ರಿ ಹತ್ತರವರೆಗೆ ನಾಲ್ಕು ಬುಟ್ಟಿ ಖಾಲಿ.
ಒಬ್ಬ ಗಿರಾಕಿಯೂ ಏನೂ ಕೇಳಲಿಲ್ಲ.
ಎಣ್ಣೆಯೂ ಮಾರ್ಟಿನದೇ.