ಹಿಮ ನಿಲ್ಲದ ಸೂರು

ಕೀತ್‌ಲಿಯ ಬೀದಿಗೆ ಬೀದಿಯೇ ಬಿಳಿ ಹೊದ್ದು ಕೂತಿತ್ತು,
ಹದಿನೇಳನೇ ನಂಬರಿನ ಸೂರೊಂದು ಬಿಟ್ಟು.
ಅದರ ಕಲ್ಲುಹೆಂಚು ಮಾತ್ರ ಕಪ್ಪಗೆ, ಒದ್ದೆ,
ಕೆರೆಯಿಂದೆದ್ದ ಎಮ್ಮೆಯ ಬೆನ್ನಿನ ಹಾಗೆ.

‘ನಮ್ಮನೆ ಮೇಲೆ ಹಿಮ ನಿಲ್ಲೋದೇ ಇಲ್ಲ!’
ಬಾಗಿಲು ತೆರೆದ ಆಲ್ಫಿ, ಆರು ವರ್ಷದವ,
ಪಂದ್ಯ ಗೆದ್ದವನ ದನಿಯಲ್ಲಿ.
ನಾನು ಹೇಳಲಿಲ್ಲ:
ಮಗೂ, ಅದು ನಿಮ್ಮಮ್ಮ ಮೀಟರಿಗೆ ಉಣಿಸಿದ ಹತ್ತು ಪೌಂಡು,
ಅಟ್ಟದ ಸಂದಿಯಿಂದ ಮೇಲೆದ್ದು
ಕಾಗೆಗಳ ಕಾಲು ಕಾಯಿಸುತ್ತಿದೆ.

ಮನೆಗಳಿಗೆ ಅಕ್ಷರ ಕೊಡುವುದು ನನ್ನ ಕೆಲಸ.
ಎ ಅಂದರೆ ಜಾಣ, ಜಿ ಅಂದರೆ ಜರಡಿ.
ಎಫ್ ಬಂದ ಮನೆ ಬಾಡಿಗೆಗೆ ಕೊಡುವಂತಿಲ್ಲ.
ಇ ಬಂದರೆ ಸಾಕು. ಕಾನೂನಿಗೆ ಸಾಕು.
ಚಳಿಗೆ ಸಾಕೋ ಇಲ್ಲವೋ, ನಮೂನೆಯಲ್ಲಿ ಅಂಥ ಪ್ರಶ್ನೆಯಿಲ್ಲ.

ಟೇಪು ಹಿಡಿದೆ. ಗೋಡೆ ಗಟ್ಟಿ ಕಲ್ಲು,
ನಡುವೆ ಪೊಳ್ಳಿಲ್ಲ, ಏನನ್ನೂ ತುಂಬಲು ಬಾರದು.
ಅಟ್ಟದಲ್ಲಿ ಉಣ್ಣೆ ನಾಲ್ಕು ಬೆರಳು,
ಇಲಿ ಹೊತ್ತೊಯ್ದ ಕಡೆ ಅದೂ ಇಲ್ಲ.
ಬಾಯ್ಲರು ಆಲ್ಫಿಯ ಅಮ್ಮನಿಗಿಂತ ಎರಡೇ ವರ್ಷ ಚಿಕ್ಕದು,
ಕೆಮ್ಮುವುದರಲ್ಲಿ ಆಲ್ಫಿಗೆ ಸರಿಸಮ.
ಕಿಟಕಿಯ ಕೆಳಗೆ ಬೂಷ್ಟು, ದೇಶ ಗೆಲ್ಲುವವರ ನಕಾಶೆಯಂತೆ,
ಅವನ ಮಂಚದ ಗಡಿ ದಾಟಿತ್ತು.

ಕೊನೆಗೆ, ಪಟ್ಟಿಯಲ್ಲಿ ಇಲ್ಲದ್ದು, ನನ್ನದೇ ಚಟ,
ಒಂದು ಊದಿನಕಡ್ಡಿ ಹಚ್ಚಿದೆ.
ಹೊಗೆಯ ಎಳೆ ತಾನೇ ದಾರಿ ಹುಡುಕಿ ಬಾಗಿತು:
ಚೌಕಟ್ಟು, ಸ್ವಿಚ್ಚಿನ ತೂತು, ಪತ್ರ ಬೀಳುವ ಸೀಳು.
ಆಲ್ಫಿ ಹಿಂದೆ ಹಿಂದೆಯೇ ಬಂದ, ಬೆರಳಿಟ್ಟು ಮುಚ್ಚುತ್ತ.
ಹತ್ತೂ ಮುಗಿದ ಮೇಲೆ ನನ್ನ ಬೆರಳು ಕೇಳಿದ.

ಲೆಕ್ಕ ಬಂತು: ಮೂವತ್ತೆಂಟು.
ಮೂವತ್ತೊಂಬತ್ತಾದರೆ ಇ.

ಲಿನೆಟ್ ಚಹಾ ಕೊಟ್ಟಳು, ಕೋಟು ಬಿಚ್ಚದೆಯೇ.
‘ಇ ಅಂತ ಬರೆದುಬಿಡು, ಲವ್.
ಎಫ್ ಬಂದರೆ ಗ್ರೀನ್‌ವುಡ್ ರಿಪೇರಿ ಮಾಡಿಸಲ್ಲ,
ನಮ್ಮನ್ನೇ ಬಿಡಿಸ್ತಾನೆ.
ಚಳಿ ಅಭ್ಯಾಸವಾಗಿದೆ. ಬೀದಿ ಅಭ್ಯಾಸವಿಲ್ಲ.’

ಈ ಊರಲ್ಲಿ ಎಲ್ಲರಿಗೂ ಎಲ್ಲರೂ ಲವ್,
ಬಸ್ಸಿನ ಡ್ರೈವರಿಗೂ. ಆದರೂ
ಆ ಮಾತು ಚಹಾದೊಂದಿಗೆ ಇಳಿಯಲಿಲ್ಲ.

ಇದೆ, ಅನುದಾನವಿದೆ, ಎಂದೆ. ಹಿತ್ತಲಲ್ಲಿ ಒಂದು ಪೆಟ್ಟಿಗೆ,
ಹೊರಗಿನ ಚಳಿಯನ್ನೇ ಹಿಂಡಿ ಒಳಗೆ ಬಿಸಿ ಸುರಿಯುತ್ತದೆ,
ಬೆಂಕಿಯಿಲ್ಲದೆ.
ಆದರೆ ಪೆಟ್ಟಿಗೆಗೆ ಮೊದಲು ಗೋಡೆಗೆ ಹೊದಿಕೆ ಬೇಕು,
ಹೊದಿಕೆಗೆ ಮೊದಲು ಗೋಡೆ ಒಣಗಬೇಕು,
ಒಣಗಲು ಮನೆ ಬೆಚ್ಚಗಿರಬೇಕು,
ಬೆಚ್ಚಗಿರಲು ಪೆಟ್ಟಿಗೆ ಬೇಕು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು:
ನನ್ನ ಅಜ್ಜಿಯ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿದೆ.
ಲಿನೆಟ್ ನಕ್ಕಳು, ಅವತ್ತು ಮೊದಲ ಸಲ.
‘ಅರ್ಜಿಗೆ ಸಹಿ ಯಾರದು?’
ಮನೆಯ ಒಡೆಯನದು.
ನಗು ಅಲ್ಲಿಗೇ ನಿಂತಿತು.

ಒಂದು ಅಂಕ. ನನ್ನ ಚೀಲದಲ್ಲೇ ಎರಡು ಹೊಸ ಬಲ್ಬಿದ್ದವು.
ಹಾಕಿ ಎಣಿಸಿದ್ದರೆ ಸುಳ್ಳೂ ಆಗುತ್ತಿರಲಿಲ್ಲ,
ಮನೆ ಬೆಚ್ಚಗೂ ಆಗುತ್ತಿರಲಿಲ್ಲ.

ಮೂವತ್ತೆಂಟು ಎಂದೇ ಬರೆದೆ.
ಅಂದು ರಾತ್ರಿ ಕೌನ್ಸಿಲ್ಲಿಗೆ ಮೂರು ಪುಟ,
ಯಾವ ನಮೂನೆಯಲ್ಲೂ ಜಾಗವಿಲ್ಲದ ಸಾಲುಗಳು,
ಹುಡುಗನ ಹತ್ತು ಬೆರಳೂ ಸೇರಿ.
ತಲುಪಿದೆ ಎಂದಷ್ಟೇ ಉತ್ತರ ಬಂತು.

ಮರುವರ್ಷ ಜನವರಿ. ಅದೇ ಬಸ್ಸು, ಅದೇ ಏರು.
ಹದಿನೇಳರ ಸೂರಿನ ಮೇಲೆ ಗೇಣುದ್ದ ಹಿಮ,
ನೆರೆಯವರಷ್ಟೇ ದಪ್ಪ,
ಒಂದು ಕಾಗೆಯೂ ಕೂತಿಲ್ಲ.
ಎದ್ದು ನಿಂತು ಕಿಟಕಿ ಒರೆಸಿದೆ.

ಹೊದಿಕೆ ಹೊದ್ದ ಮನೆಯ ಮೇಲೂ ಹಿಮ ನಿಲ್ಲುತ್ತದೆ.
ಯಾರೂ ಇಲ್ಲದ ಮನೆಯ ಮೇಲೂ.
ಬಸ್ಸಿನಿಂದ ಕಂಡರೆ ಎರಡೂ ಒಂದೇ ಬಿಳಿ.

ಇಳಿಯುವ ಗುಂಡಿ ಒತ್ತಿದೆ.
ಬಸ್ಸು ನಿಂತದ್ದು
ಇನ್ನೂ ಒಂದು ಏರು ದಾಟಿದ ಮೇಲೆ.